ಮರೆ, ದೀಮ, ಮಸೂರ: ಹಕ್ಕಿಯ ಛಾಯಾಗ್ರಹಣ ಮತ್ತು ಬೇಟೆಗಾರರ ತಿಳಿವಳಿಕೆ

ಕನ್ನಡ ಜಾನಪದ ಅಧ್ಯಯನದಲ್ಲಿ ಹಕ್ಕಿಗೆ ದೊರೆತ ಸ್ಥಾನ ಬಹುಮಟ್ಟಿಗೆ ಹಾಡು, ಕಥೆ, ಶಕುನಗಳಿಗೆ ಸೀಮಿತವಾದುದು. ಓಲೆ ಒಯ್ಯುವ ಗಿಳಿ, ಬುಡಬುಡಿಕೆಯವರ ಭವಿಷ್ಯವಾಣಿಗೆ ಆಧಾರವಾದ ಹಾಲಕ್ಕಿ, ತೇರಿನ ಹೊತ್ತಿಗೆ ಕಳಸದ ಮೇಲೆ ಸುತ್ತುವ ಗರುಡ, ಆಕಾಶ ಬಿದ್ದೀತೆಂದು ಕಾಲು ಮೇಲೆತ್ತಿ ಮಲಗುವ ಟಿಟ್ಟಿಭ ಮುಂತಾದವು ವಿದ್ವಾಂಸರ ಗಮನ ಸೆಳೆದಿವೆ. ಆದರೆ ಜನಪದರಲ್ಲಿ ಹಕ್ಕಿಯನ್ನು ಕುರಿತ ಇನ್ನೊಂದು ಬಗೆಯ ಅರಿವೂ ಇತ್ತು. ಹಕ್ಕಿ ಯಾವ ಹೊತ್ತಿಗೆ ನೀರಿಗೆ ಇಳಿಯುತ್ತದೆ, ಎಷ್ಟು ಹತ್ತಿರ ಹೋದರೆ ತಲೆ ಎತ್ತುತ್ತದೆ, ಗಾಳಿಯ ಯಾವ ದಿಕ್ಕಿಗೆ ಮುಖ ಮಾಡಿ ಏಳುತ್ತದೆ ಎಂಬಂತಹ ಸಂಗತಿಗಳಿಗೆ ಸಂಬಂಧಿಸಿದ ಅರಿವು ಅದು. ಹಕ್ಕಿ ಹಿಡಿಯುವವರು, ಕುರಿಗಾರರು, ಕೆರೆಯ ಮೀನುಗಾರರು ಇದನ್ನು ಬಾಯಿಂದ ಬಾಯಿಗಲ್ಲ, ಕೈಯಿಂದ ಕೈಗೆ ದಾಟಿಸಿದರು. ಇದರಲ್ಲಿ ಪಠ್ಯವಿಲ್ಲ, ಆದ್ದರಿಂದ ಸಂಗ್ರಾಹಕರ ಚೀಲಕ್ಕೆ ಅದು ಬೀಳಲಿಲ್ಲ. ಇಂದು ಈ ಅರಿವು ಹೆಚ್ಚಾಗಿ ಬಳಕೆಯಾಗುತ್ತಿರುವುದು ಹಕ್ಕಿಗಳ ಛಾಯಾಗ್ರಹಣದಲ್ಲಿ. ಬೇಟೆಯ ವಿದ್ಯೆ ಮಸೂರದ ವಿದ್ಯೆಯಾದಾಗ ಉಳಿದುದೇನು, ಕಳಚಿಕೊಂಡುದೇನು ಎಂಬುದನ್ನು ಹುಬ್ಬಳ್ಳಿ-ಧಾರವಾಡ ಪರಿಸರವನ್ನು ನಡುವೆ ಇಟ್ಟುಕೊಂಡು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಬೇಟೆ ಮತ್ತು ಛಾಯಾಗ್ರಹಣಗಳ ನಂಟು ಕೇವಲ ಆಲಂಕಾರಿಕವಾದುದಲ್ಲ. ಫ್ರಾನ್ಸಿನ ಶರೀರಶಾಸ್ತ್ರಜ್ಞ ಎಟಿಯೆನ್-ಜೂಲ್ ಮಾರೆ 1882ರಲ್ಲಿ ಹಾರುವ ಹಕ್ಕಿಯ ರೆಕ್ಕೆಬಡಿತವನ್ನು ಅಭ್ಯಸಿಸಲು ರಚಿಸಿದ ಉಪಕರಣ ಕೋವಿಯ ಆಕಾರದಲ್ಲಿಯೇ ಇತ್ತು. ಹೆಗಲಿಗೆ ಆನಿಸಿ ಗುರಿಯಿಟ್ಟು ಕುದುರೆ ಎಳೆದರೆ ಅದು ಒಂದು ಸೆಕೆಂಡಿಗೆ ಹನ್ನೆರಡು ಚಿತ್ರಗಳನ್ನು ತೆಗೆಯುತ್ತಿತ್ತು. ಇಂಗ್ಲಿಷಿನಲ್ಲಿ ಗುಂಡು ಹೊಡೆಯುವುದಕ್ಕೂ ಚಿತ್ರ ತೆಗೆಯುವುದಕ್ಕೂ ಒಂದೇ ಕ್ರಿಯಾಪದವಿದೆ. ಕನ್ನಡವೂ ಇದಕ್ಕೆ ಹೊರತಲ್ಲ. ಉತ್ತರ ಕರ್ನಾಟಕದ ಆಡುಮಾತಿನಲ್ಲಿ ಫೋಟೊ ‘ಹೊಡೆಯುತ್ತಾರೆ’, ಪತ್ರಿಕೆಗಳ ಭಾಷೆಯಲ್ಲಿ ಹಕ್ಕಿಯನ್ನು ಕ್ಯಾಮೆರಾದಲ್ಲಿ ‘ಸೆರೆಹಿಡಿಯುತ್ತಾರೆ’. ಒಂದು ಪದ ಕೋವಿಯದು, ಇನ್ನೊಂದು ಬಲೆಯದು.

ಮರೆ

ಹಕ್ಕಿಯ ಚಿತ್ರ ತೆಗೆಯಲು ಮೊದಲು ಬೇಕಾದುದು ಮಸೂರವಲ್ಲ, ಮರೆ. ಮನುಷ್ಯನ ನಿಲುವನ್ನು ಹಕ್ಕಿ ಬಹುದೂರದಿಂದ ಗುರುತಿಸುತ್ತದೆ. ಆದರೆ ದನ, ಎತ್ತು, ಕುರಿಗಳು ಹತ್ತಿರ ಬಂದರೆ ಅದಕ್ಕೆ ಅಂಜಿಕೆಯಿಲ್ಲ. ಇಂಗ್ಲೆಂಡಿನ ಕೀರ್ಟನ್ ಸೋದರರು 1900ರ ಆಸುಪಾಸಿನಲ್ಲಿ ಈ ಸೂಕ್ಷ್ಮವನ್ನು ಬಳಸಿಕೊಂಡರು. ಎತ್ತಿನ ಚರ್ಮವನ್ನು ಒಳಗೆ ಟೊಳ್ಳಾಗಿ ಉಳಿಯುವಂತೆ ಹೊಲಿಸಿ, ಅದರ ಹೊಟ್ಟೆಯಲ್ಲಿ ಕ್ಯಾಮೆರಾ ಸಹಿತ ಕುಳಿತು ಹಕ್ಕಿಗಳ ಚಿತ್ರ ತೆಗೆದರು. ಪಕ್ಷಿ ಛಾಯಾಗ್ರಹಣದ ಇತಿಹಾಸದಲ್ಲಿ ಇದನ್ನು ವಿನೂತನ ಯುಕ್ತಿಯೆಂದು ವರ್ಣಿಸುವುದುಂಟು.

ಹುಬ್ಬಳ್ಳಿ, ಗದಗ, ವಿಜಯಪುರ ಸೀಮೆಯ ಹರಣಶಿಕಾರಿಗಳಿಗೆ ಇದು ಹೊಸದಾಗಿ ಕಾಣುವಂತಿರಲಿಲ್ಲ. ಚಿಗರಿಬೇಟೆಗಾರ, ಅಡವಿಚಂಚರ್, ಫಾಸೆಪಾರ್ಧಿ ಎಂಬ ಹೆಸರುಗಳಿಂದಲೂ ದಾಖಲಾಗಿರುವ ಈ ಸಮುದಾಯ ಬೇಟೆಗೆ ಪಳಗಿಸಿದ ದನವನ್ನು ನಡೆದಾಡುವ ಮರೆಯನ್ನಾಗಿ ಬಳಸುತ್ತಿತ್ತು. ದನ ಮೇಯುತ್ತ ಮೇಯುತ್ತ ಓರೆಯಾಗಿ ಮುಂದೆ ಸಾಗುತ್ತದೆ. ಅದರ ಪಕ್ಕೆಯ ಹಿಂದೆ ಬಾಗಿ ಬೇಟೆಗಾರ ಸಾಗುತ್ತಾನೆ. ನೇರವಾಗಿ ನಡೆದರೆ ಪ್ರಾಣಿ ಬೆದರುತ್ತದೆ, ಸುತ್ತು ಬಳಸಿ ಮೇಯುವ ನಡೆಗೆ ಬೆದರುವುದಿಲ್ಲ ಎಂಬ ತಿಳಿವು ಇದರ ಮೂಲ. ಕೀರ್ಟನ್ನರ ಎತ್ತು ನಿಂತಲ್ಲಿಯೇ ನಿಲ್ಲಬೇಕಿತ್ತು, ಹರಣಶಿಕಾರಿಯ ದನ ನಡೆಯುತ್ತಿತ್ತು. ಯುಕ್ತಿಯಾಗಿ ನೋಡಿದರೆ ಎರಡನೆಯದೇ ಮೇಲು. ಗೌಜಲಹಕ್ಕಿ, ಬುರ್ಲಿಗಳಿಗೆ ಇವರು ಒಡ್ಡುತ್ತಿದ್ದುದು ನೆಲಮಟ್ಟದ ಉರುಳುಗಳನ್ನು. ‘ಫಾಸೆ’ ಎಂದರೆ ಉರುಳು. ಸಮುದಾಯದ ಹೆಸರೇ ಅದರಿಂದ ಬಂದುದು. ದಕ್ಷಿಣ ಕರ್ನಾಟಕದಲ್ಲಿ ಇದಕ್ಕೆ ಸಮಾನಾಂತರವಾಗಿ ಕಾಣುವವರು ವಾಗ್ರಿ ಮಾತಾಡುವ ಹಕ್ಕಿಪಿಕ್ಕಿಗಳು. ಹುಣಸೂರು ತಾಲ್ಲೂಕಿನ ಅವರ ನೆಲೆಗೆ ಪಕ್ಷಿರಾಜಪುರವೆಂದೇ ಹೆಸರು.

ಒಂದೇ ಯುಕ್ತಿಗೆ ದೊರೆತ ಎರಡು ಬಗೆಯ ಫಲವನ್ನು ಇಲ್ಲಿ ಗಮನಿಸಬೇಕು. ಕೀರ್ಟನ್ ಸೋದರರು ಪುಸ್ತಕ ಬರೆದರು, ಉಪನ್ಯಾಸ ನೀಡಿದರು, ನಿಸರ್ಗ ಛಾಯಾಗ್ರಹಣದ ಪಿತಾಮಹರೆನಿಸಿದರು. ಹರಣಶಿಕಾರಿಗಳಂತಹ ಅಲೆಮಾರಿ ಸಮುದಾಯಗಳು ವಸಾಹತು ಆಡಳಿತದ ಕಣ್ಣಿಗೆ ಅಪರಾಧಿ ಬುಡಕಟ್ಟುಗಳಾದವು. 1871ರ ಕಾಯಿದೆಯಿಂದ ಆರಂಭವಾದ ಈ ಕಳಂಕ ಕಾನೂನಿನ ಪುಟಗಳಿಂದ ಅಳಿದುದು 1952ರಲ್ಲಿ. ಮುಂಬೈ ಪ್ರಾಂತ್ಯದ ಆಡಳಿತವು ಇಂತಹ ಸಮುದಾಯಗಳನ್ನು ಕೂಡಿಹಾಕಲು ಹುಬ್ಬಳ್ಳಿಯಲ್ಲಿ ತೆರೆದ ವಸತಿಯ ನೆನಪು ‘ಸೆಟ್ಲಮೆಂಟ್’ ಎಂಬ ಬಡಾವಣೆಯ ಹೆಸರಿನಲ್ಲಿ ಉಳಿದುಕೊಂಡಿದೆ. ಹಾಜರಿ ಕೊಟ್ಟು ಬದುಕಬೇಕಾದವನಿಗೆ ಋತುವನ್ನು ಅನುಸರಿಸಿ ಹಕ್ಕಿಯ ಹಿಂದೆ ಅಲೆಯುವುದು ಸಾಧ್ಯವಿರಲಿಲ್ಲ. ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದುದು 1972ರಲ್ಲಿ. ಅದಕ್ಕೂ ಮೊದಲೇ ಈ ಅರಿವಿನ ಸರಪಳಿ ಹಲವೆಡೆ ಕಡಿದಿತ್ತು.

ಅರಮನೆಯ ಬೇಟೆಗೆ ಮಾತ್ರ ಗ್ರಂಥಸ್ಥ ಗೌರವವಿತ್ತು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಹನ್ನೆರಡನೆಯ ಶತಮಾನದಲ್ಲಿ ರಚಿಸಿದ ಸಂಸ್ಕೃತ ಗ್ರಂಥ ‘ಮಾನಸೋಲ್ಲಾಸ’ದಲ್ಲಿ ಬೇಟೆ, ಗಿಡುಗವನ್ನು ಪಳಗಿಸಿ ಹಕ್ಕಿಗಳ ಮೇಲೆ ಬಿಡುವ ಶ್ಯೇನವಿನೋದ, ಲಾವುಗೆಗಳ ಕಾಳಗ ಎಲ್ಲಕ್ಕೂ ಪ್ರತ್ಯೇಕ ಸ್ಥಾನವಿದೆ. ರಾಜನ ವಿನೋದವಾದುದು ಶಾಸ್ತ್ರವಾಯಿತು, ಹೊಟ್ಟೆಪಾಡಿನದು ಹೆಸರಿಲ್ಲದೆ ಉಳಿಯಿತು.

ಛಾಯಾಗ್ರಹಣದಲ್ಲಿಯೂ ಈ ವ್ಯತ್ಯಾಸ ಸ್ವಲ್ಪಮಟ್ಟಿಗೆ ಮುಂದುವರಿದುದನ್ನು ಕಾಣಬಹುದು. ಭಾರತದಲ್ಲಿ ಈ ಕಲೆ ಆರಂಭದಲ್ಲಿ ಅಧಿಕಾರಿಗಳ, ಶ್ರೀಮಂತರ ಹವ್ಯಾಸವಾಗಿತ್ತು. ರೈಲ್ವೆ ಇಲಾಖೆಯಲ್ಲಿದ್ದ ಇ.ಎಚ್.ಎನ್. ಲೋದರ್ ಭಾರತದ ಹಕ್ಕಿಗಳ ಛಾಯಾಗ್ರಹಣ ಕುರಿತ ತಮ್ಮ ಪುಸ್ತಕವನ್ನು 1949ರಲ್ಲಿ ಹೊರತಂದರು. ಕರ್ನಾಟಕದ ಮಟ್ಟಿಗೆ ಸಂಡೂರಿನ ರಾಜಮನೆತನದ ಎಂ.ವೈ. ಘೋರ್ಪಡೆ (1931–2011) ಅವರ ಹೆಸರು ಮುಖ್ಯ. ಅವರ ವನ್ಯಜೀವಿ ಛಾಯಾಗ್ರಹಣದ ದಿನಚರಿ 1983ರಲ್ಲಿ ಪ್ರಕಟವಾಯಿತು. ಅದೇ ಸಂಡೂರು ಸಂಸ್ಥಾನದಲ್ಲಿ 1940ರ ದಶಕದಲ್ಲಿ ನೌಕರಿಯಲ್ಲಿದ್ದ ಎಂ. ಕೃಷ್ಣನ್ (1912–1996) ಬೇರೆಯ ಜಾತಿಯ ಮನುಷ್ಯ. ಬಿಡಿಭಾಗಗಳನ್ನು ತಾವೇ ಕೂಡಿಸಿ ಕಟ್ಟಿದ ಭಾರವಾದ ಕ್ಯಾಮೆರಾಕ್ಕೆ ‘ಸೂಪರ್ ಪಾಂಡೆರೋಸಾ’ ಎಂದು ನಗೆಯ ಹೆಸರಿಟ್ಟು, ಕಪ್ಪುಬಿಳುಪಿನಲ್ಲಿಯೇ ಕೊನೆಯವರೆಗೂ ದುಡಿದವರು. ಬೆಂಗಳೂರಿನಲ್ಲಿ ಟಿ.ಎನ್.ಎ. ಪೆರುಮಾಳ್ (1932–2017) ಹಾಗೂ ಇ. ಹನುಮಂತರಾವ್ ಈ ಕಲೆಯನ್ನು ಅಂತರರಾಷ್ಟ್ರೀಯ ಪ್ರದರ್ಶನಗಳವರೆಗೆ ಒಯ್ದರು. ಮೂಡಿಗೆರೆಯ ತೋಟದಲ್ಲಿದ್ದುಕೊಂಡು ಹಕ್ಕಿಗಳ ಚಿತ್ರ ತೆಗೆದು, ಅವುಗಳ ಬಗ್ಗೆ ಕನ್ನಡದಲ್ಲಿಯೇ ಬರೆದ ಕೆ.ಪಿ. ಪೂರ್ಣಚಂದ್ರ ತೇಜಸ್ವಿ (1938–2007) ಅವರಿಂದ ಕನ್ನಡದ ಓದುಗ ಚಿತ್ರ, ಹೆಸರು, ಕಥೆ ಮೂರನ್ನೂ ಒಟ್ಟಿಗೆ ಪಡೆದನು.

ದೀಮ

ಮರೆಯ ನಂತರದ ಉಪಾಯ ಆಕರ್ಷಣೆ. ಪಳಗಿದ ಪ್ರಾಣಿಯನ್ನೋ ಹಕ್ಕಿಯನ್ನೋ ಮುಂದಿಟ್ಟು ಕಾಡಿನದನ್ನು ಸೆಳೆಯುವ ಪದ್ಧತಿ ಕನ್ನಡ ನಾಡಿನಲ್ಲಿ ಬಹು ಹಳೆಯದು. ಹಾಗೆ ಮುಂದಿಟ್ಟ ಜೀವಕ್ಕೆ ‘ದೀಮ’ ಎಂಬ ಪದವೂ ಇದೆ. ಪಂಜರದ ಗೌಜಲಹಕ್ಕಿ ಕೂಗಿದರೆ ತನ್ನ ಸೀಮೆಗೆ ಬೇರೊಂದು ಗಂಡು ನುಗ್ಗಿತೆಂದು ಭಾವಿಸಿ ಕಾಡಿನ ಗಂಡು ಕಾದಾಟಕ್ಕೆ ಬರುತ್ತದೆ, ಬಂದು ಉರುಳಿಗೆ ಸಿಗುತ್ತದೆ. ಇಲ್ಲಿ ಹಕ್ಕಿಯನ್ನು ಎಳೆದು ತರುವುದು ಹಸಿವಲ್ಲ, ಸಿಟ್ಟು. ಹೀಗಾಗಿ ದೀಮದ ಬೇಟೆ ನಡೆಯುವುದು ಹಕ್ಕಿ ಸೀಮೆ ಕಾಯುವ ಕಾಲದಲ್ಲಿ, ಎಂದರೆ ಅದು ಜೋಡಿಯಾಗುವ, ಗೂಡು ಕಟ್ಟುವ ಹೊತ್ತಿನಲ್ಲಿಯೇ.

ಇಂದಿನ ಛಾಯಾಗ್ರಾಹಕರ ಜೇಬಿನಲ್ಲಿರುವ ಮೊಬೈಲು ದೀಮವೇ ಆಗಿದೆ. ಧ್ವನಿಮುದ್ರಿತ ಕೂಗನ್ನು ಹಾಕಿದರೆ ಪೊದೆಯೊಳಗಿನ ಹಕ್ಕಿ ಕೊಂಬೆಯ ತುದಿಗೆ ಬಂದು ನಿಲ್ಲುತ್ತದೆ. ಹಿಂದಿನ ದೀಮಕ್ಕೂ ಇದಕ್ಕೂ ಒಂದು ವ್ಯತ್ಯಾಸವಿದೆ. ಪಂಜರದ ಹಕ್ಕಿ ದಣಿಯುತ್ತಿತ್ತು, ಬೇಟೆಗಾರನೂ ಒಂದೆರಡು ಹಕ್ಕಿ ಸಿಕ್ಕಿದ ಮೇಲೆ ಜಾಗ ಬದಲಿಸುತ್ತಿದ್ದನು. ಯಂತ್ರದ ಕೂಗಿಗೆ ದಣಿವಿಲ್ಲ; ಒಂದೇ ಹಕ್ಕಿಯ ಮುಂದೆ ಬೆಳಗಿನಿಂದ ಹತ್ತು ಜನ ಬಂದು ಹತ್ತು ಬಾರಿ ಅದೇ ಕೂಗು ಹಾಕಬಹುದು. ಹಕ್ಕಿ ಸಾಯುವುದಿಲ್ಲ ಎಂಬುದು ನಿಜ. ಆದರೆ ಆ ಹೊತ್ತೆಲ್ಲ ಅದು ಮೇಯುವುದೂ ಇಲ್ಲ, ಮರಿಗೆ ಗುಟುಕು ಒಯ್ಯುವುದೂ ಇಲ್ಲ.

ನೀರು ಇದಕ್ಕಿಂತ ಸೌಮ್ಯವಾದ ದೀಮ. ಧಾರವಾಡದಿಂದ ಪಶ್ಚಿಮಕ್ಕೆ ಹೊರಟವರು ತಲುಪುವ ದಾಂಡೇಲಿ-ಗಣೇಶಗುಡಿ ಕಾಡಿನಂಚಿನಲ್ಲಿ ಹಕ್ಕಿಗಳು ಮೀಯಲೆಂದು ಇಟ್ಟ ನೀರಿನ ತಟ್ಟೆ, ತೊಟ್ಟಿಗಳ ಸುತ್ತ ಛಾಯಾಗ್ರಾಹಕರು ಸಾಲಾಗಿ ಕುಳಿತು ಕಾಯುತ್ತಾರೆ. ಬೇಸಿಗೆಯಲ್ಲಿ ನೀರಿನ ಒರತೆಯ ಬಳಿ ಸೊಪ್ಪಿನ ತಟ್ಟಿ ಕಟ್ಟಿ ಕುಳಿತ ಬೇಟೆಗಾರನ ಲೆಕ್ಕಾಚಾರವೂ ಇದೇ ಆಗಿತ್ತು: ಹಕ್ಕಿಯನ್ನು ಹುಡುಕಬೇಡ, ಅದಕ್ಕೆ ಬೇಕಾದುದರ ಬಳಿ ಕೂತಿರು.

ಹಾರಾಟ

ಕುಳಿತ ಹಕ್ಕಿಯ ಚಿತ್ರಕ್ಕೆ ಮರೆ ಸಾಕು. ಹಾರುವ ಹಕ್ಕಿಯ ಚಿತ್ರಕ್ಕೆ ಅದು ಏಳುವ ಮೊದಲೇ ಏಳುವ ದಿಕ್ಕು ಗೊತ್ತಿರಬೇಕು. ಭಾರವಾದ ಹಕ್ಕಿಗಳು ಗಾಳಿಗೆ ಎದುರಾಗಿಯೇ ಏಳುತ್ತವೆ, ಎದುರಾಗಿಯೇ ಇಳಿಯುತ್ತವೆ. ಜಿಂಕೆಯ ಬೇಟೆಗಾರನೂ ಗಾಳಿಯನ್ನು ನೋಡುತ್ತಾನೆ, ಆದರೆ ತನ್ನ ವಾಸನೆ ಮುಂದೆ ಹೋಗದಂತೆ ಗಾಳಿಗೆ ಎದುರಾಗಿ ನಡೆಯಲು. ಹಕ್ಕಿಗೆ ವಾಸನೆಯ ಅಂಜಿಕೆ ಕಡಿಮೆ. ಆದ್ದರಿಂದ ಛಾಯಾಗ್ರಾಹಕ ಗಾಳಿಯನ್ನು ಬೆನ್ನಿಗೆ ಇಟ್ಟುಕೊಳ್ಳಬೇಕು. ಆಗ ಎದ್ದ ಹಕ್ಕಿ ಅವನ ಕಡೆಗೇ ಬರುತ್ತದೆ.

ಗದಗ ಜಿಲ್ಲೆ ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆಯಲ್ಲಿ ಇದನ್ನು ಸ್ಪಷ್ಟವಾಗಿ ಕಾಣಬಹುದು. ಚಳಿಗಾಲದಲ್ಲಿ ಹಿಮಾಲಯವನ್ನು ದಾಟಿ ಬರುವ ಪಟ್ಟೆತಲೆ ಹೆಬ್ಬಾತುಗಳು ಸುತ್ತಲಿನ ಹೊಲಗಳಲ್ಲಿ ಮೇಯ್ದು ಕೆರೆಗೆ ಮರಳುತ್ತವೆ. ಆ ತಿಂಗಳುಗಳಲ್ಲಿ ಬಯಲುಸೀಮೆಯ ಗಾಳಿ ಹೆಚ್ಚಾಗಿ ಮೂಡಣದ್ದು. ಬೆಳಗಿನ ಹೊತ್ತು ಕೆರೆಯ ಪೂರ್ವದ ದಂಡೆಯಲ್ಲಿ ಕುಳಿತವನಿಗೆ ಬಿಸಿಲೂ ಬೆನ್ನಿಗೆ, ಗಾಳಿಯೂ ಬೆನ್ನಿಗೆ. ನೀರಿಗೆ ಇಳಿಯುವ ಹೆಬ್ಬಾತು ಅಗಲಿಸಿದ ರೆಕ್ಕೆ, ಮುಂದೆ ಚಾಚಿದ ಕಾಲುಗಳೊಡನೆ ನೇರವಾಗಿ ಅವನ ಎದುರಿಗೆ ಬರುತ್ತದೆ. ಸಂಜೆಗೆ ಲೆಕ್ಕ ತಪ್ಪುತ್ತದೆ: ಬೆಳಕು ಪಡುವಣಕ್ಕೆ ಸರಿದಿರುತ್ತದೆ, ಗಾಳಿ ಮಾತ್ರ ಮೂಡಣದಿಂದಲೇ ಬರುತ್ತಿರುತ್ತದೆ. ಕುರಿ ಕಾಯುವವನಿಗೆ ಈ ಲೆಕ್ಕವನ್ನು ಯಾರೂ ಕಲಿಸಿಕೊಡಬೇಕಿಲ್ಲ. 2024ರ ಜನವರಿಯಲ್ಲಿ ಈ ಕೆರೆಗೆ ರಾಮ್ಸಾರ್ ತಾಣದ ಮನ್ನಣೆ ದೊರೆತುದರಲ್ಲಿ, ಬಿತ್ತಿದ ಹೊಲಕ್ಕೆ ಇಳಿಯುವ ಹಕ್ಕಿಯನ್ನು ಸೈರಿಸಿಕೊಂಡ ರೈತರ ಪಾಲೂ ಇದೆ.

ಉಪಕರಣದ ಮಾತನ್ನು ಸಂಕ್ಷೇಪವಾಗಿ ಹೇಳಬಹುದು. ಹೆಬ್ಬಾತಿನಂತಹ ದೊಡ್ಡ ಹಕ್ಕಿಯ ರೆಕ್ಕೆಯನ್ನು ನಿಶ್ಚಲವಾಗಿ ತೋರಿಸಲು ಸೆಕೆಂಡಿನ ಸಾವಿರದ ಒಂದು ಭಾಗದಷ್ಟು ಬೆಳಕು ಸಾಕಾಗುತ್ತದೆ; ಬಾನಾಡಿ, ಮಿಂಚುಳ್ಳಿಗಳಿಗೆ ಅದರ ಮೂರನೆಯ ಒಂದು ಭಾಗವೂ ಹೆಚ್ಚೆನಿಸಬಹುದು. ಫಿಲ್ಮಿನ ಕಾಲದಲ್ಲಿ ಇಷ್ಟು ವೇಗಕ್ಕೆ ತಕ್ಕ ಬೆಳಕು ದೊರೆಯುತ್ತಿರಲಿಲ್ಲ, ಸುರುಳಿಯೊಂದರಲ್ಲಿ ಮೂವತ್ತಾರು ಚಿತ್ರಗಳಿಗೆ ಮಾತ್ರ ಅವಕಾಶ. ಹೀಗಾಗಿ ಗುಂಡಿ ಒತ್ತುವುದಕ್ಕಿಂತ ಒತ್ತದೆ ಇರುವುದನ್ನು ಕಲಿಯಬೇಕಿತ್ತು. ಡಿಜಿಟಲ್ ಕ್ಯಾಮೆರಾ ಬಂದ ಮೇಲೆ ಈ ಮಿತಿ ಹೋಯಿತು. ಈಗಿನ ಕ್ಯಾಮೆರಾಗಳು ಹಕ್ಕಿಯ ಕಣ್ಣನ್ನು ತಾವೇ ಗುರುತಿಸಿ ಸೆಕೆಂಡಿಗೆ ಇಪ್ಪತ್ತಕ್ಕೂ ಹೆಚ್ಚು ಚಿತ್ರ ತೆಗೆಯುತ್ತವೆ. ಮಾರೆಯ ಕೋವಿಯ ಹನ್ನೆರಡಕ್ಕೆ ಇದನ್ನು ಹೋಲಿಸಿದರೆ ಯಂತ್ರ ನಡೆದ ದೂರ ಅಷ್ಟೇನೂ ದೊಡ್ಡದಲ್ಲವೆಂದು ತೋರುತ್ತದೆ. ಬದಲಾದುದು ಹಕ್ಕಿಯನ್ನು ತಿಳಿಯದವನೂ ಅದರ ಹಾರಾಟದ ಚಿತ್ರ ತೆಗೆಯಬಲ್ಲನು ಎಂಬ ಸಂಗತಿ. ಏಳಲೊಲ್ಲದ ಹಕ್ಕಿಯನ್ನು ಕಲ್ಲೆಸೆದು ಎಬ್ಬಿಸುವ ಚಾಳಿ ಹುಟ್ಟಿಕೊಂಡುದು ಇಲ್ಲಿಂದಲೇ.

ಗೂಡಿನ ಚಿತ್ರದ ವಿಷಯದಲ್ಲಿ ಹಾನಿ ಇನ್ನೂ ನೇರವಾದುದು. ಟಿಟ್ಟಿಭ ಗೂಡು ಕಟ್ಟುವುದಿಲ್ಲವೆಂದೇ ಹೇಳಬೇಕು. ಬೇಸಿಗೆಯ ಹೊಲದ ಬರಿನೆಲದ ಮೇಲೆ, ಹರಳುಗಳ ನಡುವೆ ಮೊಟ್ಟೆ ಇಡುತ್ತದೆ. ಸುಡುಬಿಸಿಲಿನಲ್ಲಿ ತಾಯಿ-ತಂದೆಗಳು ಮೊಟ್ಟೆಯ ಮೇಲೆ ಕುಳಿತುಕೊಳ್ಳುವುದು ಕಾವು ಕೊಡಲಿಕ್ಕಲ್ಲ, ನೆರಳು ಕೊಡಲಿಕ್ಕೆ. ನೀರಿಗೆ ಹೋಗಿ ಹೊಟ್ಟೆಯ ಗರಿಗಳನ್ನು ನೆನೆಸಿಕೊಂಡು ಬಂದು ಮೊಟ್ಟೆಯನ್ನು ತಂಪು ಮಾಡುವುದೂ ಉಂಟು. ದುರ್ಗಸಿಂಹನ ‘ಪಂಚತಂತ್ರ’ವನ್ನು ಬಲ್ಲ ಕನ್ನಡಿಗರಿಗೆ ಟಿಟ್ಟಿಭದ ಮೊಟ್ಟೆಗೆ ಸಮುದ್ರದಿಂದ ಒದಗಿದ ಆಪತ್ತು ಗೊತ್ತು. ಹತ್ತಿರ ಬಂದು ಕೂತ ಛಾಯಾಗ್ರಾಹಕನಿಂದ ಒದಗುವ ಆಪತ್ತು ಬೇರೆಯದು. ಹಕ್ಕಿ ಚೀರುತ್ತ ತಲೆಯ ಮೇಲೆ ಸುತ್ತುತ್ತದೆ, ಹಾರಾಟದ ಒಳ್ಳೆಯ ಚಿತ್ರಗಳು ದೊರೆಯುತ್ತವೆ, ಅಷ್ಟು ಹೊತ್ತೂ ಮೊಟ್ಟೆ ಬಿಸಿಲಿನಲ್ಲಿ ಬೇಯುತ್ತಿರುತ್ತದೆ. ದಾಂಡೇಲಿಯ ಮಂಗಟ್ಟೆಯಲ್ಲಿ ಹೆಣ್ಣು ಮರದ ಪೊಟರೆಯೊಳಗೆ ಸೇರಿ, ಕೊಕ್ಕಿನಷ್ಟು ಸೀಳು ಬಿಟ್ಟು ಬಾಯಿ ಮುಚ್ಚಿಕೊಂಡು ವಾರಗಟ್ಟಲೆ ಗಂಡು ತರುವ ಹಣ್ಣಿನ ಮೇಲೆಯೇ ಬದುಕುತ್ತದೆ. ಮರದ ಬುಡದಲ್ಲಿ ಗುಂಪು ಕಂಡು ಗಂಡು ಹಿಂದೆಗೆದರೆ ಒಳಗಿನ ಜೀವಗಳೆಲ್ಲ ಉಪವಾಸ. ರಾಣೆಬೆನ್ನೂರಿನ ಎರೆನೆಲದಲ್ಲಿ ಒಂದು ಕಾಲಕ್ಕೆ ಕಾಣುತ್ತಿದ್ದ ಎರ್ಲಡ್ಡು ಒಂದು ಸಲಕ್ಕೆ ಇಡುವುದು ಸಾಮಾನ್ಯವಾಗಿ ಒಂದೇ ಮೊಟ್ಟೆ. ಈಗ ರಾಜ್ಯದಲ್ಲಿ ಆ ಹಕ್ಕಿ ಬೆರಳೆಣಿಕೆಯಷ್ಟು ಉಳಿದಿರುವುದು ಸಿರುಗುಪ್ಪದ ಕಡೆಗೆ.

ಈ ಸಂದರ್ಭದಲ್ಲಿ ಮಾಧವ ಗಾಡ್ಗೀಳ್ ಮತ್ತು ಕೈಲಾಸ್ ಮಲ್ಹೋತ್ರಾ ಅವರು ಪಶ್ಚಿಮ ಮಹಾರಾಷ್ಟ್ರದ ಫಾಸೆಪಾರ್ಧಿಗಳಲ್ಲಿ ದಾಖಲಿಸಿದ ರೂಢಿಯೊಂದು ಉಲ್ಲೇಖಾರ್ಹ. ಉರುಳಿಗೆ ಸಿಕ್ಕ ಜಿಂಕೆ ಗಬ್ಬವಾಗಿದ್ದರೆ ಅಥವಾ ಮರಿಯಾಗಿದ್ದರೆ ಬಿಟ್ಟುಬಿಡುವುದು ಆ ರೂಢಿ. ಇದನ್ನು ದಯೆಯೆಂದು ಕರೆಯುವ ಅಗತ್ಯವಿಲ್ಲ, ಮುಂದಿನ ವರ್ಷವೂ ಅದೇ ಬಯಲಿಗೆ ಬರಬೇಕಾದವನ ಲೆಕ್ಕ ಅದು. ಕ್ಯಾಮೆರಾ ಹಿಡಿದು ರವಿವಾರಕ್ಕೊಂದು ಊರಿಗೆ ಹೋಗಿ ಬರುವವನಿಗೆ ಅಂತಹ ಲೆಕ್ಕದ ಒತ್ತಾಯವಿಲ್ಲ. ಅದಕ್ಕಾಗಿಯೇ ಹೊರಗಿನಿಂದ ನಿಯಮ ಹೇರಬೇಕಾಯಿತು. ಹಲವು ಸ್ಪರ್ಧೆಗಳು ಈಗ ಗೂಡಿನ ಚಿತ್ರಗಳನ್ನು ಸ್ವೀಕರಿಸುವುದಿಲ್ಲ.

ಸಹಜ ಪರಿಸರವೆಂದರೇನು?

ಹಕ್ಕಿಯನ್ನು ಅದರ ‘ಸಹಜ ಪರಿಸರ’ದಲ್ಲಿ ತೋರಿಸಬೇಕೆಂಬುದು ಈ ಕಲೆಯ ಒಪ್ಪಿತ ಆದರ್ಶ. ಆ ಪರಿಸರದಲ್ಲಿ ಮನುಷ್ಯನ ಗುರುತು ಇರಕೂಡದು ಎಂಬುದು ಅದರ ಜೊತೆಗೇ ಬಂದ ಕಟ್ಟಳೆ. ತಂತಿ, ಗೋಡೆ, ಗಾಡಿ, ಮನುಷ್ಯನ ಕೈ ಯಾವುದೂ ಚೌಕಟ್ಟಿನಲ್ಲಿ ಸುಳಿಯಬಾರದು. ಕಾಡಿನ ಹಕ್ಕಿಗೆ ಇದು ಹೊಂದೀತು. ಕನ್ನಡ ನಾಡಿನ ಬಹುಪಾಲು ಹಕ್ಕಿಗಳು ಜನರ ಕಣ್ಣಿಗೆ ಬೀಳುವುದು ಕೆರೆ, ಹೊಲ, ಕಣ, ಮಾಳಿಗೆಗಳಲ್ಲಿ.

ಹುಬ್ಬಳ್ಳಿಯ ಕಮರಿಪೇಟೆಯನ್ನೇ ತೆಗೆದುಕೊಳ್ಳಬಹುದು. ಒತ್ತಾದ ಮನೆಗಳು, ಇಕ್ಕಟ್ಟಾದ ಓಣಿಗಳ ಹಳೆಯ ಪೇಟೆ ಅದು. ಹಕ್ಕಿಯ ಚಿತ್ರಕ್ಕೆಂದು ಅಲ್ಲಿಗೆ ಹೋಗುವವರು ವಿರಳ. ಕ್ಯಾಮೆರಾ ಇದ್ದವರು ಉಣಕಲ್ ಕೆರೆಗೋ ಧಾರವಾಡದ ಕೆಲಗೇರಿಗೋ ಹೋಗುತ್ತಾರೆ. ಆದರೆ ಹಾರಾಟದ ಅಭ್ಯಾಸಕ್ಕೆ ಹದ್ದಿಗಿಂತ ಒಳ್ಳೆಯ ಹಕ್ಕಿಯಿಲ್ಲ, ಹದ್ದಿಗೆ ಇಂತಹ ಪೇಟೆಗಿಂತ ಸಹಜವಾದ ನೆಲೆಯೂ ಇಲ್ಲ. ಮಾಂಸದಂಗಡಿಯ ಚೂರು, ತಿಪ್ಪೆ, ಸತ್ತ ಇಲಿಗಳೇ ಅದರ ಆಹಾರ. ಬಿಸಿಯಾದ ಮಾಳಿಗೆಗಳಿಂದ ಏಳುವ ಗಾಳಿಯೇ ಅದನ್ನು ರೆಕ್ಕೆ ಬಡಿಯದೆ ಮೇಲೆತ್ತುವ ಶಕ್ತಿ. ಮಾಳಿಗೆಯ ಮೇಲೆ ನಿಂತವನಿಗೆ ಅದು ಕಣ್ಣಿನ ಮಟ್ಟದಲ್ಲಿಯೇ ತೇಲಿ ಬರುತ್ತದೆ. ಕೆರೆಯ ದಂಡೆಯಲ್ಲಿ ದೊರೆಯದ ಕೋನ ಅದು. ಹದ್ದಿನ ಬಾಲ ಕವಲಾಗಿದೆ, ಗರುಡನ ಬಾಲ ದುಂಡಾಗಿದೆ. ಬಣ್ಣ ಕಾಣದಷ್ಟು ಎತ್ತರದಲ್ಲಿಯೂ ಎರಡನ್ನು ಬೇರ್ಪಡಿಸಲು ಇಷ್ಟೇ ಸಾಕು. ಒಂದನ್ನು ಕಂಡು ಕೈಮುಗಿಯುವ, ಇನ್ನೊಂದನ್ನು ಕಂಡು ಕೋಳಿಮರಿಯನ್ನು ಬುಟ್ಟಿಯ ಕೆಳಗೆ ಮುಚ್ಚುವ ಹೆಂಗಸರಿಗೆ ಈ ಭೇದ ತಿಳಿಯದೆ ಗತಿಯಿರಲಿಲ್ಲ. ಸಂಜೆ ಸಾಲುಗಟ್ಟಿ ಹಾರುವ ಬೆಳ್ಳಕ್ಕಿಗಳನ್ನು ಕಂಡು ಉಗುರು ತೋರಿಸಿ ಬಿಳಿಯ ಚುಕ್ಕೆ ಬೇಡುವ ಮಕ್ಕಳ ಆಟವೂ ಹಾರಾಟವನ್ನು ಗಮನಿಸುವ ಮೊದಲ ಪಾಠವೇ.

ಮದ್ದೂರು ತಾಲ್ಲೂಕಿನ ಕೊಕ್ಕರೆಬೆಳ್ಳೂರಿನಲ್ಲಿ ಈ ಪ್ರಶ್ನೆ ಇನ್ನೂ ತೀಕ್ಷ್ಣವಾಗುತ್ತದೆ. ಹೆಜ್ಜಾರ್ಲೆ, ಬಣ್ಣದ ಕೊಕ್ಕರೆಗಳು ಗೂಡು ಕಟ್ಟುವುದು ಊರೊಳಗಿನ ಹುಣಸೆ, ಆಲದ ಮರಗಳಲ್ಲಿ, ಮನೆಗಳ ತಲೆಯ ಮೇಲೆ. ಬಾಣಂತನಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳೆಂದು ಊರವರು ಅವುಗಳನ್ನು ಭಾವಿಸುತ್ತಾರೆ. ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳ ಅವರು 1976ರಲ್ಲಿ ಈ ನೆಲೆಯತ್ತ ಹೊರಗಿನವರ ಗಮನ ಸೆಳೆದರು. 2007ರಲ್ಲಿ ಅದು ಸಮುದಾಯ ಮೀಸಲು ಪ್ರದೇಶವೆಂದು ಘೋಷಿತವಾಯಿತು. ಆದರೆ ಅಲ್ಲಿಂದ ಬರುವ ಚಿತ್ರಗಳಲ್ಲಿ ಹೆಚ್ಚಿನವು ಆಕಾಶದ ಹಿನ್ನೆಲೆಯಲ್ಲಿ ಕೊಂಬೆಯೊಂದರ ಮೇಲೆ ಕೂತ ಹಕ್ಕಿಯವು; ಕೆಳಗಿನ ಹೆಂಚು, ಅಂಗಳ, ಅಂಗಳದ ಜನ ಚೌಕಟ್ಟಿನ ಹೊರಗೆ ಉಳಿಯುತ್ತಾರೆ. ಅಂತರರಾಷ್ಟ್ರೀಯ ಛಾಯಾಗ್ರಹಣ ಸಂಘಗಳು 2014ರಲ್ಲಿ ಕೂಡಿ ಒಪ್ಪಿಕೊಂಡ ‘ನಿಸರ್ಗ ಚಿತ್ರ’ದ ವ್ಯಾಖ್ಯೆ ಇಷ್ಟು ಬಿಗಿಯಾದುದಲ್ಲ. ಮನುಷ್ಯ ನಿರ್ಮಿತ ನೆಲೆಗೆ ಹೊಂದಿಕೊಂಡ ಕಣಜಗೂಬೆ, ಕೊಕ್ಕರೆಗಳಂತಹ ಹಕ್ಕಿಗಳ ವಿಷಯದಲ್ಲಿ ಆ ನೆಲೆ ಕಾಣುವುದಕ್ಕೆ ಅದು ಅವಕಾಶ ಕೊಟ್ಟಿದೆ. ಅವಕಾಶವಿದ್ದೂ ಅಂಗಳವನ್ನು ಕತ್ತರಿಸುವುದು ಅಭ್ಯಾಸಬಲವಷ್ಟೆ.

ಚೌಕಟ್ಟಿನಿಂದ ಬಿಟ್ಟುಹೋಗುವುದು ಜನ ಮಾತ್ರವಲ್ಲ, ಹೆಸರೂ ಹೌದು. ಸಂಗ್ರಹಾಲಯಗಳಿಗೆ ಸೇರುವ ಹಕ್ಕಿಚಿತ್ರದ ಹಿಂದೆ ಇಂಗ್ಲಿಷ್ ಹೆಸರು, ವೈಜ್ಞಾನಿಕ ಹೆಸರು, ಸ್ಥಳ, ಮಸೂರದ ಅಳತೆ, ಬೆಳಕಿನ ವೇಗ ಇರುತ್ತವೆ. ಹಕ್ಕಿಯನ್ನು ತೋರಿಸಿಕೊಟ್ಟವನು ಅದನ್ನು 무ಏನೆಂದು ಕರೆದನು ಎಂಬುದು ಇರುವುದಿಲ್ಲ. ಕುಂಡೆಕುಸ್ಕ, ಹರಟೆಮಲ್ಲ, ಮರಕುಟುಕ, ಮಿಂಚುಳ್ಳಿ ಮುಂತಾದ ಹೆಸರುಗಳಲ್ಲಿ ಬಣ್ಣಕ್ಕಿಂತ ಚಲನೆಗೇ ಪ್ರಾಶಸ್ತ್ಯ. ಬಾಲ ಕುಣಿಸುವುದು, ಗುಂಪಾಗಿ ಗದ್ದಲ ಮಾಡುವುದು, ಕುಟ್ಟುವುದು, ಮಿಂಚಿನಂತೆ ಎರಗುವುದು ಅಲ್ಲಿ ಹೆಸರಾಗಿವೆ. ಎರ್ಲಡ್ಡುವಿಗೆ ಎರೆಭೂತ, ದೊರವಾಯನ ಹಕ್ಕಿ ಎಂಬ ಹೆಸರುಗಳೂ ಇವೆ. ಹಕ್ಕಿ ಇಲ್ಲವಾದ ತಾಲ್ಲೂಕುಗಳಲ್ಲಿ ಆ ಹೆಸರುಗಳನ್ನು ಈಗ ಹೇಳಬಲ್ಲವರು ಹೊಲದಲ್ಲಿ ಅದನ್ನು ಕಂಡಿದ್ದ ವೃದ್ಧರು ಮಾತ್ರ.